ತೆಂಗಿನ ಸೀಮೆಯಲ್ಲಿ ಲೆಂಟ್: ಅರೆಕಾಲಿಕ ಸಭಾಪಾಲಕನ ದುಡಿಮೆ



ಈ ದತ್ತಿ ಉಪನ್ಯಾಸದ ವೇದಿಕೆಗೆ ಕರೆ ಬಂದಾಗ ನಾನು ಕನ್ನಡದ ವಿದ್ವಾಂಸ ತೀನಂಶ್ರೀಯವರ ಬಗ್ಗೆ ಮಾತನಾಡುತ್ತೇನೆ ಎಂದಿದ್ದೆ. ಅವರ ಹುಟ್ಟೂರು ತೀರ್ಥಪುರ ಇಲ್ಲೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ, ನಾನು ಕನ್ನಡದ ಮೇಷ್ಟ್ರು, ಸಿದ್ಧತೆಯೂ ಸುಲಭ. ದತ್ತಿದಾನಿಗಳು ಒಪ್ಪಲಿಲ್ಲ. "ಅವರ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ ಮೇಷ್ಟ್ರೇ, ನೀವು ಭಾನುವಾರ ಭಾನುವಾರ ಬೈಕು ಹತ್ತಿ ಎಲ್ಲಿಗೋ ಹೋಗ್ತೀರಲ್ಲ, ಅದನ್ನ ಹೇಳಿ" ಎಂದರು. ಹಾಗಾಗಿ ಇವತ್ತಿನ ವಿಷಯ ಇದು. ಅನುದಾನಿತ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ, ಉಳಿದ ಹೊತ್ತಿನಲ್ಲಿ ಸಣ್ಣ ಕ್ರೈಸ್ತ ಸಭೆಗಳನ್ನು ನೋಡಿಕೊಂಡ ಒಬ್ಬನ ಕೆಲಸ, ಅದರಲ್ಲೂ ಈಸ್ಟರ್‌ಗೆ ಮುಂಚೆ ಬರುವ ಲೆಂಟ್ ಕಾಲದ ಕೆಲಸ.

ಮೊದಲು ಈ ಬಗೆಯ ಸೇವೆ ನಮ್ಮ ಸೀಮೆಗೆ ಹೇಗೆ ಬಂತು ಎಂಬ ಚರಿತ್ರೆ ಹೇಳುತ್ತೇನೆ. ಆಮೇಲೆ ಲೆಂಟ್‌ನ ದಿನಗಳು ಇಲ್ಲಿ ಹೇಗೆ ಸಾಗುತ್ತವೆ ಎಂದು ವಿವರಿಸುತ್ತೇನೆ. ಕೊನೆಗೆ ಈ ವ್ಯವಸ್ಥೆಯ ಸೋಲುಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ನನ್ನ ವಾದವನ್ನು ಮುಂಚೆಯೇ ತಿಳಿಸಿಬಿಡುವುದು ಒಳ್ಳೆಯದು. ಅರೆಕಾಲಿಕ ಸಭಾಪಾಲಕನನ್ನು ದುಡ್ಡಿಲ್ಲದ ಸಭೆಯ ತಾತ್ಕಾಲಿಕ ಏರ್ಪಾಡು ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ಅವನಿಗೆ ಸಮಯವಿಲ್ಲದ ಕಡೆಯಲ್ಲೇ ಸಭೆಯ ಜನ, ಮುಖ್ಯವಾಗಿ ಹೆಂಗಸರು, ಕೆಲಸಕ್ಕೆ ಕೈಹಚ್ಚುತ್ತಾರೆ. ಲೆಂಟ್‌ನಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗುತ್ತದೆ.

ನಿಮ್ಮಲ್ಲಿ ಹೆಚ್ಚಿನವರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಗ್ರಾಮದೇವತೆಯ ಪೂಜಾರರು ಬೆಳಿಗ್ಗೆ ಗುಡಿಯ ಬಾಗಿಲು ತೆಗೆದು ಪೂಜೆ ಮುಗಿಸಿ ತೋಟಕ್ಕೆ ಹೋಗುತ್ತಾರೆ. ಅವರನ್ನು ಯಾರೂ ಅರೆಪೂಜಾರಿ ಎನ್ನುವುದಿಲ್ಲ. ಪಾದ್ರಿ ಎಂದರೆ ಮಾತ್ರ ಬಿಳಿ ನಿಲುವಂಗಿ, ಬಂಗಲೆ, ಸಂಬಳ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಆ ಚಿತ್ರ ಮಿಷನ್ ಕಾಲದ್ದು. ಆ ಕಾಲದಲ್ಲೂ ಅದು ಅರ್ಧ ಮಾತ್ರ ನಿಜವಾಗಿತ್ತು.

ಈಗ ಆ ಚರಿತ್ರೆಗೆ ಬರೋಣ. ನಮ್ಮ ತುಮಕೂರು ಜಿಲ್ಲೆಯಲ್ಲಿ ಪ್ರೊಟೆಸ್ಟೆಂಟ್ ಸಭೆಗಳ ಕಥೆ ಗುಬ್ಬಿಯಿಂದ ಶುರುವಾಗುತ್ತದೆ. ನಾಟಕಕ್ಕೆ ಹೆಸರಾದ ಊರು ಅದಕ್ಕೂ ಮುಂಚೆ ವೆಸ್ಲಿಯನ್ ಮಿಷನ್ನಿನ ನೆಲೆಯಾಗಿತ್ತು. 1837ರಲ್ಲಿ ಥಾಮಸ್ ಹಾಡ್ಸನ್ ಅಲ್ಲಿ ಕೆಲಸ ಆರಂಭಿಸಿದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ತರುಣ ಬಂದು ಸೇರಿದರು. ಅವರು ಕನ್ನಡ ಕಲಿತು, ಸಂತೆಗಳಲ್ಲಿ ನಿಂತು ಮಾತನಾಡಿ, ಆರೋಗ್ಯ ಕೆಟ್ಟು 1841ರಲ್ಲಿ ಇಂಗ್ಲೆಂಡಿಗೆ ಮರಳಿದರು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಅವರು ಬರೆದ ಪುಸ್ತಕ ಹೊರಬಂತು. ಹಾಡ್ಸನ್ ಮುಂದೆ ಬರೆದ ಒಂದು ಪುಸ್ತಕ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅದರ ನಾಯಕ ಮಿಷನರಿ ಅಲ್ಲ. ಗುಬ್ಬಿ ಸೀಮೆಯ ಹಳ್ಳಿಯವನೊಬ್ಬ, ದೀಕ್ಷಾಸ್ನಾನದ ನಂತರ ದಾನಿಯೇಲನೆಂದು ಕರೆಸಿಕೊಂಡವನು. ಬಿಳಿಯ ಪಾದ್ರಿಗಳು ಎರಡು ವರ್ಷಕ್ಕೋ ನಾಲ್ಕು ವರ್ಷಕ್ಕೋ ಬದಲಾಗುತ್ತಿದ್ದಾಗ ಹಳ್ಳಿಯಲ್ಲಿ ಉಳಿದವರು ಇಂಥವರು.

ವೆಸ್ಲಿಯನ್ನರು ತಂದ ಇನ್ನೊಂದು ವಸ್ತುವನ್ನು ನಾನು ಗೌರವದಿಂದ ನೆನೆಯುತ್ತೇನೆ. ಅದೇ ಪ್ಲಾನ್. ಜಾನ್ ವೆಸ್ಲಿಯ ಕಾಲದಿಂದಲೂ ಮೆಥೊಡಿಸ್ಟರು ಹಲವು ಊರುಗಳನ್ನು ಕೂಡಿಸಿ ಒಂದು ಸರ್ಕಿಟ್ ಎಂದು ಮಾಡಿಕೊಂಡವರು. ಮೂರು ತಿಂಗಳಿಗೊಂದು ಹಾಳೆ. ಎಡಗಡೆ ಊರುಗಳ ಹೆಸರು, ಮೇಲುಗಡೆ ಭಾನುವಾರಗಳ ತಾರೀಖು, ಒಳಗಿನ ಮನೆಗಳಲ್ಲಿ ಯಾವ ಊರಿಗೆ ಯಾರು ಬೋಧಿಸಬೇಕು ಎಂಬ ಗುರುತು. ಹತ್ತು ಸಭೆಗೆ ಒಬ್ಬ ದೀಕ್ಷಿತ ಪಾದ್ರಿ ಇದ್ದರೆ ಮಿಕ್ಕ ಮನೆಗಳನ್ನು ತುಂಬುತ್ತಿದ್ದವರು ಬಡಗಿ, ಅಂಗಡಿಯವ, ಶಾಲಾ ಮೇಷ್ಟ್ರು. ಅಂದರೆ ಅರೆಕಾಲಿಕ ಬೋಧಕ ಆ ಹಾಳೆಯಲ್ಲಿ ಮೊದಲಿಂದಲೂ ಇದ್ದಾನೆ. ಇಲ್ಲಿ ಅವನನ್ನು ಉಪದೇಶಿ ಎಂದರು, ಸಂಬಳ ಕೊಟ್ಟಾಗಲೂ ಅದು ಹೊಟ್ಟೆ ತುಂಬುವಷ್ಟು ಇರುತ್ತಿರಲಿಲ್ಲ, ಹಗಲು ಮಕ್ಕಳಿಗೆ ಅಕ್ಷರ ಕಲಿಸಿ ಸಂಜೆ ಪ್ರಾರ್ಥನೆ ನಡೆಸುತ್ತಿದ್ದ.

1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ತಬ್ಬಲಿಗಳಾದ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ವೆಸ್ಲಿಯನ್ ಮಿಷನ್ ಆಶ್ರಯ ಕೊಟ್ಟಿತು. ಈ ಕಡೆಯ ಕೆಲವು ಹಳೆಯ ಕ್ರೈಸ್ತ ಮನೆತನಗಳ ನೆನಪು ಆ ಬರದಿಂದಾಚೆಗೆ ಹೋಗುವುದಿಲ್ಲ. ಅದರ ಬೆನ್ನಿಗೆ, 1880ರ ದಶಕದಲ್ಲಿ, ರೈಲು ಬಂತು. ತಿಪಟೂರು ಸ್ಟೇಷನ್ ಊರಾಯಿತು. ಮುಂದೆ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ, ಆಸ್ಪತ್ರೆ, ಶಾಲೆಗಳ ನೌಕರಿಗೆಂದು ಹೊರಗಿನಿಂದ ಬಂದವರಲ್ಲೂ ಕ್ರೈಸ್ತರಿದ್ದರು. ವರ್ಗವಾದರೆ ಮನೆ ಖಾಲಿ, ಸಭೆಯಲ್ಲಿ ಒಂದು ಬೆಂಚು ಖಾಲಿ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ಹುಟ್ಟಿತು. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಗಡಗಳು ಒಂದಾದವು. ಮೈಸೂರು ಸಭಾಪ್ರಾಂತ 1970ರ ಆಸುಪಾಸಿನಲ್ಲಿ ಮೂರು ಭಾಗವಾದಾಗ ನಮ್ಮ ಜಿಲ್ಲೆ ಬೆಂಗಳೂರು ಕೇಂದ್ರವಾದ ಸಭಾಪ್ರಾಂತಕ್ಕೆ ಸೇರಿತು. ವಿದೇಶದ ಹಣ ನಿಂತಿತು. ಪಟ್ಟಣದ ದೊಡ್ಡ ಸಭೆಗಳು ತಮ್ಮ ಕಾಲ ಮೇಲೆ ನಿಂತುಕೊಂಡವು. ಹತ್ತು ಹದಿನೈದು ಮನೆಯ ಸಭೆ ಒಬ್ಬ ಪೂರ್ಣಾವಧಿ ಸಭಾಪಾಲಕರ ಸಂಬಳವನ್ನು ಎಲ್ಲಿಂದ ತರಬೇಕು? ಒಬ್ಬರೇ ಸಭಾಪಾಲಕರು ಐದಾರು ಕಡೆ ಓಡಾಡುವುದು, ಮಿಕ್ಕ ಭಾನುವಾರಗಳನ್ನು ದೀಕ್ಷೆಯಿಲ್ಲದ ನನ್ನಂಥವರು ತುಂಬುವುದು ರೂಢಿಯಾಯಿತು.

ಇಲ್ಲಿ ಒಂದು ಹೆಸರನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ರೋಲಂಡ್ ಆಲನ್ ಎಂಬ ಆಂಗ್ಲಿಕನ್ ಪಾದ್ರಿ ಉತ್ತರ ಚೀನಾದಲ್ಲಿ ಕೆಲಸ ಮಾಡಿ ಬಂದವರು. 1912ರಲ್ಲೂ 1930ರಲ್ಲೂ ಪುಸ್ತಕ ಬರೆದು ಅವರು ಒಂದೇ ಪ್ರಶ್ನೆಯನ್ನು ಬಿಡದೆ ಕೇಳಿದರು. ಸಂಬಳದ ಪಾದ್ರಿ ಸಿಗುವವರೆಗೆ ಹಳ್ಳಿಯ ಸಭೆ ಪ್ರಭುಭೋಜನವಿಲ್ಲದೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರವಿಲ್ಲದೆ, ಕಾಯಬೇಕೇ? ಸ್ವಂತ ಕಸುಬಿನಲ್ಲಿ ಬದುಕುವ, ಊರಿನವರೇ ಆದ ಹಿರಿಯರಿಗೆ ದೀಕ್ಷೆ ಕೊಟ್ಟರೆ ಏನು ತಪ್ಪು? ಅವರು ಅಪೊಸ್ತಲ ಪೌಲನನ್ನು ಸಾಕ್ಷಿಗೆ ಕರೆದರು. ಕೊರಿಂಥದಲ್ಲಿ ಪೌಲ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಹೊಲಿದು ಬದುಕಿದ. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಬೋಧಿಸುವವನಿಗೆ ಜೀವನಾಂಶ ಕೇಳುವ ಹಕ್ಕಿದೆ, ನಾನು ಅದನ್ನು ಬಳಸಿಕೊಳ್ಳಲಿಲ್ಲ ಅಷ್ಟೆ, ಎಂದೂ ವಾದಿಸಿದ್ದಾನೆ. ಪುಕ್ಕಟೆ ಸೇವೆಯನ್ನು ಹೊಗಳುವವರು ಎರಡನೆಯ ಭಾಗವನ್ನು ಓದದೆ ಬಿಡುತ್ತಾರೆ.

ಇನ್ನು ಎರಡನೆಯ ವಿಷಯ, ಲೆಂಟ್. ಕ್ರೈಸ್ತರಲ್ಲದ ಶ್ರೋತೃಗಳಿಗಾಗಿ ಎರಡು ಮಾತು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಲೆಂಟ್. ಕ್ಯಾಲೆಂಡರಿನಲ್ಲಿ ಎಣಿಸಿದರೆ 46 ದಿನ ಆಗುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರಗಳನ್ನು ಉಪವಾಸಕ್ಕೆ ಸೇರಿಸುವುದಿಲ್ಲ, ಉಳಿಯುವುದು 40. ಕ್ರಿಸ್ತ ಅರಣ್ಯದಲ್ಲಿ ಉಪವಾಸವಿದ್ದ ನಲವತ್ತು ದಿನಗಳ ನೆನಪು ಅದು. ಕಥೋಲಿಕರು ಇದನ್ನು ತಪಸ್ಸು ಕಾಲ ಎನ್ನುತ್ತಾರೆ, ಅವರಲ್ಲಿ ಬೂದಿ ಬುಧವಾರ, ಶುಭ ಶುಕ್ರವಾರಗಳ ಉಪವಾಸಕ್ಕೆ, ಶುಕ್ರವಾರ ಮಾಂಸ ಬಿಡುವುದಕ್ಕೆ ಸ್ಪಷ್ಟ ನಿಯಮವಿದೆ. ನಮ್ಮಲ್ಲಿ ಅವರವರ ಸಂಕಲ್ಪ. ಒಬ್ಬರು ಬಾಡೂಟ ಬಿಡುತ್ತಾರೆ, ಒಬ್ಬರು ಕಾಫಿ, ಇನ್ನೊಬ್ಬರು ಎಲೆಅಡಿಕೆ. ಮದುವೆಗಳನ್ನು ಇಟ್ಟುಕೊಳ್ಳುವುದಿಲ್ಲ. ಅದರ ಫಲವಾಗಿ ಈಸ್ಟರ್ ಕಳೆದದ್ದೇ ತಡ, ಛತ್ರ, ಬ್ಯಾಂಡು, ಅಡುಗೆಯವರಿಗಾಗಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ.

2025ರಲ್ಲಿ ಫೆಬ್ರುವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಂಜಾನ್ ಉಪವಾಸದ ಆರಂಭ, ಮಾರ್ಚ್ 5ಕ್ಕೆ ಬೂದಿ ಬುಧವಾರ. ಒಂದೇ ಓಣಿಯ ಮೂರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ವಾರ ಒಲೆ ತಣ್ಣಗಿತ್ತು. ನನ್ನ ಪಕ್ಕದ ಮನೆಯ ಹಿರಿಯರು ಶಿವರಾತ್ರಿಯ ಜಾಗರಣೆ ಮುಗಿಸಿದವರು, ಗೇಟಿನ ಬಳಿ ನಿಲ್ಲಿಸಿ, "ಮೇಷ್ಟ್ರೇ, ನಿಮ್ಮ ಉಪವಾಸದಲ್ಲಿ ನೀರು ಕುಡೀಬಹುದಾ? ಹಣ್ಣು ಬರ್ತದಾ?" ಎಂದು ವಿಚಾರಿಸಿದರು. ಕುಡಿಯಬಹುದು ಎಂದೆ. "ಹಂಗಾದ್ರೆ ಸುಲಭ ಬಿಡಿ" ಎಂದು ತೀರ್ಪು ಕೊಟ್ಟರು. ಧರ್ಮಗಳ ತೌಲನಿಕ ಅಧ್ಯಯನ ನಮ್ಮ ಕಡೆ ನಡೆಯುವ ಬಗೆ ಇದು.

ಆದರೆ ನಮ್ಮ ಸೀಮೆಯಲ್ಲಿ ಲೆಂಟ್ ಬೀಳುವುದು ಎಂಥ ತಿಂಗಳಲ್ಲಿ ನೋಡಿ. ಬಿಸಿಲು ಏರುತ್ತಿರುತ್ತದೆ, ಬೋರ್‌ವೆಲ್ ಸೋಲಲು ಶುರುವಾಗಿರುತ್ತದೆ, ತೋಟಕ್ಕೆ ನೀರು ಬಿಡಲು ಕರೆಂಟ್ ಬಂದಾಗ ರಾತ್ರಿಯಾದರೂ ಏಳಬೇಕು. ಮೇಷ್ಟ್ರಿಗೆ ಪರೀಕ್ಷೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ನಡೆಯಿತು, ಲೆಂಟ್‌ನ ನಟ್ಟನಡುವೆ. ಬೆಂಗಳೂರಿನ ದೊಡ್ಡ ಸಭೆಯಲ್ಲಿ ಲೆಂಟ್‌ಗೆಂದು ವಾರದ ನಡುವೆ ವಿಶೇಷ ಕೂಟಗಳು, ಹೊರಗಿನಿಂದ ಬಂದ ಬೋಧಕರು ಇರುತ್ತಾರೆ. ನಮ್ಮಲ್ಲಿ ಶಾಲೆ ಬಿಟ್ಟ ಮೇಲೆ, ಕೊಠಡಿ ಮೇಲ್ವಿಚಾರಣೆ ಮುಗಿಸಿದ ಮೇಲೆ, ಬೈಕಿನಲ್ಲಿ ಹೋಗಿ ತಲಪುವ ಹೊತ್ತಿಗೆ ಏನು ಸಾಧ್ಯವೋ ಅದು.

ಸಾಧ್ಯವಾಗುವುದು ಮನೆಕೂಟ. ವಾರಕ್ಕೆ ಕೆಲವು ಸಂಜೆ, ಸರದಿಯಂತೆ ಒಂದೊಂದು ಮನೆಯಲ್ಲಿ. ಅಂಥ ಒಂದು ಮನೆಯ ಪಡಸಾಲೆಯನ್ನು ವರ್ಣಿಸುತ್ತೇನೆ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲೇ ಕೂತು, ಒಳಗಿನ ನೀರು ಇಂಗಿ, ಕರಟದಿಂದ ತಾನಾಗಿ ಬಿಟ್ಟುಕೊಂಡು ಗಿಟಕು ಆಗುತ್ತದೆ. ಅಲ್ಲಾಡಿಸಿದರೆ ಸದ್ದು ಬರಬೇಕು. ಕೆಳಗೆ ಚಾಪೆ, ಒಂದು ಮೂಲೆಯಲ್ಲಿ ಸಿಪ್ಪೆಯ ರಾಶಿ, ಹಾರ್ಮೋನಿಯಂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಮನೆಯ ಲಿಂಗಾಯತ ಅಜ್ಜಿ ಹಾಡು ಕೇಳಲು ಬಂದು ಬಾಗಿಲ ಬಳಿ ಕೂರುತ್ತಾರೆ. ಪ್ರಾರ್ಥನೆಗೆ ವಿಷಯ ಕೇಳಿದರೆ ಕಾಯಿಲೆ, ಪರೀಕ್ಷೆ, ಸಾಲ, ಆಮೇಲೆ ಕೊಬ್ಬರಿ ರೇಟು. 2024ರ ಲೆಂಟ್ ನನಗೆ ಹೀಗೆಯೇ ನೆನಪಿದೆ. ಮಾರುಕಟ್ಟೆ ಬಿದ್ದುಹೋಗಿತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ರಾಜ್ಯ ಅದರ ಮೇಲೆ 1,500 ರೂಪಾಯಿ ಸೇರಿಸಿತ್ತು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ನ ನೋಂದಣಿಗೆ ಜನ ಸಾಲುಗಟ್ಟಿ ಕಾದರು. "ರಿಜಿಸ್ಟ್ರೇಷನ್ ಆಗ್ಲಿ ಅಂತ ಪ್ರಾರ್ಥನೆ ಮಾಡಿ ಅಯ್ನೋರೇ" ಎಂದು ಒಬ್ಬ ತಾಯಿ ಕೇಳಿದರು. ವಾರದ ದಿನ ನನ್ನನ್ನು ಮೇಷ್ಟ್ರೇ ಎನ್ನುವವರೇ ಪ್ರಾರ್ಥನೆಗೆ ಕೂತಾಗ ಅಯ್ನೋರೇ ಎನ್ನುತ್ತಾರೆ. ನಾನು ಪ್ರಾರ್ಥಿಸಿದೆ. ದೇವತಾಶಾಸ್ತ್ರ ಓದಿದವರು ಇದನ್ನು ಕೇಳಿ ನಗಬಹುದು. ಅನ್ನದ ವಿಷಯವನ್ನು ಪ್ರಾರ್ಥನೆಯಿಂದ ಹೊರಗಿಟ್ಟರೆ ಉಪವಾಸಕ್ಕೆ ಅರ್ಥ ಎಲ್ಲಿಂದ ಬರಬೇಕು ಎಂದು ನಾನು ಅವರನ್ನು ಕೇಳುತ್ತೇನೆ.

ಎಲ್ಲ ಕೂಟಗಳಿಗೂ ನಾನು ಹೋಗಲಾರೆ. ನನ್ನ ವಾದದ ತಿರುಳು ಇಲ್ಲಿದೆ. ಪರೀಕ್ಷೆಯ ವಾರಗಳಲ್ಲಿ ಕೂಟ ನಿಲ್ಲಬಾರದೆಂದು ಸ್ತ್ರೀಯರ ಅನ್ಯೋನ್ಯ ಕೂಟದವರು ತಾವೇ ನಡೆಸಲು ಶುರುಮಾಡಿದರು. ಒಬ್ಬರು ನಿವೃತ್ತ ನರ್ಸ್, ಒಬ್ಬರು ಅಂಗನವಾಡಿ ಕಾರ್ಯಕರ್ತೆ. ಮೊದಲು ನನ್ನಿಂದ ಟಿಪ್ಪಣಿ ಬರೆಸಿಕೊಂಡು ಓದುತ್ತಿದ್ದರು. ಒಂದೆರಡು ವರ್ಷದಲ್ಲಿ ಟಿಪ್ಪಣಿ ಬೇಡವಾಯಿತು. ಅಡುಗೆಗೆ ಅಳೆದುಹಾಕುವಾಗ ಒಂದು ಹಿಡಿ ಅಕ್ಕಿ ಅಥವಾ ರಾಗಿ ತೆಗೆದಿಡುವ ಹಳೆಯ ಪದ್ಧತಿಯನ್ನು ಲೆಂಟ್‌ಗೆ ಮತ್ತೆ ತಂದವರೂ ಅವರೇ. ಹಾಗೆ ಕೂಡಿದ್ದನ್ನು ಯಾರ ಮನೆಗೆ, ಯಾರಿಗೂ ಗೊತ್ತಾಗದಂತೆ ಹೇಗೆ ತಲುಪಿಸಬೇಕು ಎಂಬುದೂ ಅವರ ತೀರ್ಮಾನ. ಪೂರ್ಣಾವಧಿ ಸಭಾಪಾಲಕರಿದ್ದಿದ್ದರೆ ಇದು ನಡೆಯುತ್ತಿತ್ತೇ? ನನಗೆ ಅನುಮಾನ. ಕೇಳುವವರು ಕೇಳುವವರಾಗಿಯೇ ಉಳಿಯುತ್ತಿದ್ದರು.

ಪವಿತ್ರ ವಾರಕ್ಕೆ ಬರುತ್ತೇನೆ. ಗರಿಗಳ ಭಾನುವಾರ ಕ್ರಿಸ್ತ ಯೆರೂಸಲೇಮನ್ನು ಪ್ರವೇಶಿಸಿದ್ದರ ನೆನಪು. ಜನ ಗರಿ ಹಿಡಿದು ಮೆರವಣಿಗೆ ಬರುತ್ತಾರೆ. ತೆಂಗಿನ ನಾಡಿನಲ್ಲಿ ಗರಿಗೇನು ಬರ ಎಂದು ನೀವು ಕೇಳಬಹುದು. ಒಂದು ವರ್ಷ ಹುಡುಗರು ಪಟ್ಟಣದ ಸಭೆಯ ವಿಡಿಯೋ ನೋಡಿ ಬಂದು, ಅಲ್ಲಿಯ ಹಾಗೆ ನಮಗೂ ಬೆಳ್ಳಗೆ ಹಳದಿಯಾದ ಎಳೆಯ ಗರಿಯೇ ಬೇಕು ಎಂದರು. ಸಭೆಯ ಹಿರಿಯರೊಬ್ಬರು, ಎರಡೆಕರೆ ತೋಟ ಇರುವವರು, ಕೂತಲ್ಲಿಂದ ಎದ್ದರು. "ಸುಳಿಗೆ ಮಚ್ಚು ಹಾಕಿದ್ರೆ ಮರ ಉಳೀತದೇನ್ರೋ?" ತೆಂಗಿಗೆ ಇರುವುದು ಒಂದೇ ಸುಳಿ. ಅದು ಸತ್ತರೆ ಮರವೇ ಸತ್ತಂತೆ, ಪಕ್ಕದಲ್ಲಿ ಕೊಂಬೆ ಒಡೆಯುವ ಜಾತಿಯಲ್ಲ. ಕೊನೆಗೆ ಅವರೇ ಕೆಳಗಿನ ಬಲಿತ ಹಸಿರು ಗರಿಗಳನ್ನು ಇಳಿಸಿಕೊಟ್ಟರು. ಶನಿವಾರ ಸಂಜೆ ಹೆಂಗಸರು ಎಲೆಯಿಂದ ಕಡ್ಡಿ ಸೀಳಿ ತೆಗೆದು, ಪಟ್ಟಿಯನ್ನು ನಡುವೆ ಮಡಚಿ, ಅಡ್ಡಪಟ್ಟಿಯನ್ನು ಗಂಟಿನೊಳಗೆ ತೂರಿಸಿ ಶಿಲುಬೆ ಮಾಡಿದರು. ಬಲಿತ ಎಲೆ ಬಗ್ಗುವುದಿಲ್ಲ, ಬೆರಳು ಕೊಯ್ಯುತ್ತದೆ. ತೆಗೆದ ಕಡ್ಡಿ ಪೊರಕೆಗಾಯಿತು. ಒಣಗಿದ ಶಿಲುಬೆಗಳನ್ನು ಜೋಪಾನ ಮಾಡಿ ಮುಂದಿನ ವರ್ಷ ಸುಟ್ಟು ಬೂದಿ ಬುಧವಾರಕ್ಕೆ ಬಳಸಿದೆವು. ಅಂದಿನಿಂದ ನಮ್ಮಲ್ಲಿ ಹಸಿರು ಗರಿಯೇ.

ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಶಿಲುಬೆಯ ಮೇಲಿಂದ ಕ್ರಿಸ್ತ ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ. ಒಬ್ಬನೇ ಏಳನ್ನೂ ಹೇಳುವುದುಂಟು. ಮೇಷ್ಟ್ರಿಗೆ ಅಷ್ಟು ಸಿದ್ಧತೆಗೆ ಬಿಡುವಿಲ್ಲ, ಕೇಳುವವರಿಗೂ ತಾಳ್ಮೆಯಿಲ್ಲ. ನಾವು ಏಳು ಜನಕ್ಕೆ ಹಂಚುತ್ತೇವೆ. ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸುವ ಮೂರನೆಯ ಮಾತು ಅಂಗನವಾಡಿ ಕಾರ್ಯಕರ್ತೆಯ ಪಾಲಿಗೆ ಬಂತು. ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು ಅವರು. ಬಾಯಾರಿಕೆಯ ಐದನೆಯ ಮಾತನ್ನು ಪಂಚಾಯಿತಿಯ ನೀರುಗಂಟಿಗೆ ಕೊಟ್ಟೆವು. ಏಪ್ರಿಲ್‌ನಲ್ಲಿ ಯಾವ ಬೀದಿಗೆ ಮೂರು ದಿನಕ್ಕೊಮ್ಮೆ, ಯಾವ ಬೀದಿಗೆ ವಾರಕ್ಕೊಮ್ಮೆ ನೀರು ಬಿಡಬೇಕಾಗಿದೆ, ವಾಲ್ವ್ ತಿರುಗಿಸುವಾಗ ಯಾರು ಬೈಯುತ್ತಾರೆ, ಯಾರು ಸುಮ್ಮನೆ ಖಾಲಿ ಕೊಡ ಹಿಡಿದು ನಿಲ್ಲುತ್ತಾರೆ ಎಂದು ಆತ ನಾಲ್ಕೈದು ನಿಮಿಷ ಹೇಳಿ ಕೂತರು. ಗ್ರೀಕ್ ಮೂಲ, ವ್ಯಾಖ್ಯಾನ ಯಾವುದೂ ಇರಲಿಲ್ಲ. ಆ ಮಾತಿನ ಮೇಲೆ ನಾನು ಕೇಳಿರುವ ಪ್ರಸಂಗಗಳಲ್ಲಿ ಅದೇ ಮೇಲು.

ಈಗ ಮೂರನೆಯ ಭಾಗ, ಸೋಲುಗಳು. ಮೊದಲನೆಯದು ಪ್ರಭುಭೋಜನ. ಸಿಎಸ್ಐ ನಿಯಮದಂತೆ ಅದನ್ನು ನಡೆಸಬೇಕಾದವರು ದೀಕ್ಷೆ ಪಡೆದ ಸಭಾಪಾಲಕರು. ಕ್ರಿಸ್ತ ಆ ಭೋಜನವನ್ನು ಸ್ಥಾಪಿಸಿದ ಗುರುವಾರ ರಾತ್ರಿಯೇ ಎಲ್ಲ ಸಭೆಗಳಿಗೂ ಅವರು ಬೇಕು. ತುಮಕೂರಿನಿಂದ ತಿಪಟೂರಿಗೆ ಸುಮಾರು 70 ಕಿಲೋಮೀಟರ್. ಒಬ್ಬ ಮನುಷ್ಯ ಒಂದು ಸಂಜೆಯಲ್ಲಿ ಎಷ್ಟು ಊರಿಗೆ ಹೋದಾನು? ಹಾಗಾಗಿ ಕೆಲವು ಸಭೆಗಳ ಗುರುವಾರ ಬುಧವಾರಕ್ಕೋ ಮಂಗಳವಾರಕ್ಕೋ ಸರಿಯುತ್ತದೆ. ಆಲನ್ ಕೇಳಿದ ಪ್ರಶ್ನೆ ನೂರು ವರ್ಷದ ಮೇಲೂ ನಮ್ಮ ಹೊಸ್ತಿಲಲ್ಲಿ ನಿಂತಿದೆ.

ಎರಡನೆಯದು ಸಾವು, ಕಾಯಿಲೆ. ಇವು ಶಾಲೆಯ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿರುವವನ ಫೋನು ಆಫ್. ಆಸ್ಪತ್ರೆಯಲ್ಲಿ ರಾತ್ರಿ ಕೂರುವುದು, ಒಡೆದ ಮನೆಯನ್ನು ಸಮಾಧಾನಿಸಲು ಐದಾರು ಸಲ ಹೋಗುವುದು, ಇದಕ್ಕೆ ಪೂರ್ತಿ ಆಳೇ ಬೇಕು. ಹಿರಿಯರು ಶವಸಂಸ್ಕಾರ ನಡೆಸಿಕೊಳ್ಳುತ್ತಾರೆ, ಚೆನ್ನಾಗಿಯೇ ನಡೆಸುತ್ತಾರೆ. ಆಮೇಲಿನ ತಿಂಗಳುಗಳಲ್ಲಿ ಆ ಮನೆಗೆ ಹೋಗುವವರು ಕಡಿಮೆ.

ಮೂರನೆಯದನ್ನು ಹೇಳಲು ಸಂಕೋಚ, ಆದರೂ ಹೇಳಬೇಕು. ಪುಕ್ಕಟೆ ಸೇವೆಗೆ ಬೆಲೆ ತೆರುವವರು ಅರೆಕಾಲಿಕ ಬೋಧಕನ ಮನೆಯವರು. ಪೆಟ್ರೋಲು ಅವರ ಸಂಸಾರದ ದುಡ್ಡಿನದು, ಭಾನುವಾರ ಅವರದು. ಅರೆಕಾಲಿಕ ಎಂಬ ಹೆಸರಿನಲ್ಲಿ ಪೂರ್ಣಕಾಲದ ಕೆಲಸ ತೆಗೆಯುವ ಸಭೆಗಳಿವೆ, ಹಾಗೆ ತೆಗೆಸಿಕೊಂಡು ಹಿಗ್ಗುವ ನನ್ನಂಥ ಬೋಧಕರೂ ಇದ್ದಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ಇಲ್ಲಿ ನೆನೆಯುವುದು ಸೂಕ್ತ. ಅವರು ಸಭೆಯ ಕೆಲಸದಲ್ಲಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದರು, 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನನ್ನದು ಅದರ ತಿರುವುಮುರುವು, ಮೇಷ್ಟ್ರುಗಿರಿಯ ನಡುವೆ ಸಭೆ. ಎರಡು ಕೆಲಸ ಒಂದನ್ನೊಂದು ಬೆಳೆಸಬೇಕಾದರೆ ಎರಡಕ್ಕೂ ಎಲ್ಲೆ ಇರಬೇಕು.

ಕೊನೆಯದಾಗಿ, ಏನು ಮಾಡಬಹುದು ಎಂದು ಕೇಳುವವರಿಗೆ. ನಮ್ಮ ಸಭಾಪ್ರಾಂತದವರು ಯಾರಾದರೂ ಈ ಸಭೆಯಲ್ಲಿದ್ದರೆ ಅವರಿಗೆ ನನ್ನ ಮನವಿ ಇದು. ಹಳೆಯ ಪ್ಲಾನ್ ಹಾಳೆಯನ್ನು ಮತ್ತೆ ಅಚ್ಚು ಹಾಕಿಸಿ. ಅದರಲ್ಲಿ ಲೆಂಟ್‌ನ ವಾರಗಳಿಗೆ ಬೇರೆ ಅಂಕಣವಿರಲಿ. ಕೂಟ ನಡೆಸುವ ಹೆಂಗಸರ ಹೆಸರು ಅದರಲ್ಲಿ ಅಚ್ಚಾಗಲಿ, ಈಗ ಅವರ ಕೆಲಸ ಯಾವ ದಾಖಲೆಯಲ್ಲೂ ಇಲ್ಲ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಎಂಬ ಮಹಿಳೆಯನ್ನು ಬಿಷಪ್ ಮಾಡಿದ ಸಿಎಸ್ಐಗೆ ತುರುವೇಕೆರೆಯ ಒಂದು ಪಡಸಾಲೆಯಲ್ಲಿ ಪ್ರಾರ್ಥನೆ ನಡೆಸುವ ನರ್ಸ್ ಹೆಸರನ್ನು ಬರೆಯಲು ಕಷ್ಟವಾಗಬಾರದು. ಅವರಲ್ಲಿ ತಕ್ಕವರಿಗೆ ಬೇಸಿಗೆ ರಜೆಯಲ್ಲಿ ತರಬೇತಿ ಕೊಟ್ಟು, ಕಸುಬು ಬಿಡಿಸದೆ, ಊರು ಬಿಡಿಸದೆ ದೀಕ್ಷೆ ಕೊಡಿ, ಗುರುವಾರದ ಭೋಜನ ಗುರುವಾರವೇ ನಡೆಯಲಿ. ಓಡಾಟದ ಖರ್ಚನ್ನು ಸಭೆಯ ಲೆಕ್ಕಪುಸ್ತಕದಲ್ಲೇ ತೋರಿಸಿ. ಕೊಬ್ಬರಿ ರೇಟು ಚೆನ್ನಾಗಿರುವ ವರ್ಷ ಇದನ್ನು ಶುರುಮಾಡಿದರೆ ಕಮಿಟಿಯವರು ಒಪ್ಪುವುದು ಸುಲಭ ಎಂಬುದು ನನ್ನ ಅನುಭವ.

ಅಧ್ಯಕ್ಷರ ಮಾತಿಗೆ ಮುಂಚೆ ಹತ್ತು ನಿಮಿಷ ಪ್ರಶ್ನೆಗಳಿಗೆ ಇದೆ ಎಂದಿದ್ದಾರೆ. ಉಪವಾಸದಲ್ಲಿ ಎಳನೀರು ಕುಡಿಯಬಹುದೇ ಎಂಬುದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ, ಆ ವಿಷಯದಲ್ಲಿ ನಮ್ಮ ಸಭೆಯಲ್ಲೇ ಇನ್ನೂ ಒಮ್ಮತವಿಲ್ಲ.